ಅಳಿಯನಿಗೆ ಕೊಟ್ಟ ವಾಚು

ನಿಶ್ಚಿತಾರ್ಥದಲ್ಲಿ ಅಳಿಯನಿಗೆ ಕೊಟ್ಟ ವಾಚು ಕಿರುಗುಟ್ಟುತ್ತಿದೆ, ಬಂದು ಒಂದು ಸಲ ಕೇಳಿಸಿಕೊಂಡು ಹೋಗಿ ಎಂದು ಬೀಗರಾದ ಮುನಿಶಾಮಿಯವರಿಂದ ಫೋನ್ ಬಂದದ್ದೇ ತಡ, ಕೆಂಪರಾಜ್ ತಿನ್ನುತ್ತಿದ್ದ ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹೆಣ್ಣು ಹೆತ್ತವರ ಹಸಿವು ಹಾರಿಹೋಗಲು ಅಷ್ಟು ಸಾಕು. ಆ ವಾಚನ್ನು ಆರಿಸಿದ್ದವಳು ಮಗಳು ಶ್ವೇತ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅಂಗಡಿ ಅಂಗಡಿ ಅಲೆದು, ಸೆಲ್ಲಿನ ಹಂಗಿಲ್ಲದೆ ಕೈಯ ಓಡಾಟದಿಂದಲೇ ನಡೆಯುವ ಆಟೋಮ್ಯಾಟಿಕ್ ವಾಚೇ ಬೇಕೆಂದು ಹಟ ಹಿಡಿದು ತಂದಿದ್ದಳು. ಹುಡುಗ ಸುನಿಲ್ ಮೆತ್ತನೆ ಮಾತಿನವನು, ಅವಳಿಗೆ ನಿಜವಾಗಿಯೂ ಇಷ್ಟವಾಗಿದ್ದ. ಈಗ ಒಂದು ವಾಚಿನ ಸದ್ದಿಗೆ ಮದುವೆ ಮುರಿದು ಬೀಳುವುದೇ ಎಂದು ಹೆದರಿ, ಅಪ್ಪನ ಜೊತೆ ತಾನೂ ಕಮ್ಮನಹಳ್ಳಿಯಿಂದ ಹೊರಟಳು.

ಬೈಯಪ್ಪನಹಳ್ಳಿಯಲ್ಲಿ ಮುನಿಶಾಮಿಯವರು ಹಿಂದೆ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತು ಬಾಡಿಗೆ ಬೆಳೆಯುತ್ತಿದೆ. ಅಂದು ನಡುಮನೆಯಲ್ಲಿ ಪಂಚಾಯ್ತಿಯೇ ಸೇರಿತ್ತು. ಸೋಫಾದ ನಟ್ಟನಡುವೆ ಮುನಿಶಾಮಿ, ಪಕ್ಕದಲ್ಲಿ ಹೆಂಡತಿ ಮಾರಕ್ಕ. ಆಫೀಸಿನಲ್ಲಿ ಹತ್ತಾರು ಜನರ ಮೇಲೆ ಯಜಮಾನಿಕೆ ಮಾಡುವ ಸುನಿಲ್ ಇಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ಪಾಪ, ಪೂರ್ತಿ ಕೂರಲು ಇನ್ನೂ ಅಪ್ಪಣೆ ಆಗಿರಲಿಲ್ಲವೇನೋ.

"ಕೇಳಿ ಬೀಗರೇ" ಎಂದು ಮುನಿಶಾಮಿ ವಾಚನ್ನು ಕೆಂಪರಾಜರ ಕಿವಿಗೆ ಹಿಡಿದು ಕೀ ತಿರುಗಿಸಿದರು.

ವಾಚು ಕರ್ ಕರ್ ಎಂದಿತು. ಆಮೇಲೆ ಒಳಗೇನೋ ಗಿರ್ರನೆ ಸುತ್ತಿತು. ರಾಗಿ ಮಿಷನ್ನಿಗೆ ಕಲ್ಲು ಸಿಕ್ಕಿದ ಹಾಗಿತ್ತು ಸದ್ದು.

"ಡೂಪ್ಲಿಕೇಟು ಅಂತ ನಾನು ಹೇಳಲ್ಲ. ಫುಟ್‌ಪಾತ್ ಮಾಲು ಅಂತ್ಲೂ ಹೇಳಲ್ಲ. ಆದ್ರೆ ನಾಲ್ಕು ಜನ ಹೇಳ್ತಾರಲ್ಲ, ಅವ್ರ ಬಾಯಿ ಮುಚ್ಚಿಸೋಕಾಗುತ್ತಾ?"

ಹೇಳುವುದಿಲ್ಲ ಎನ್ನುತ್ತಲೇ ಇಷ್ಟು ಚೆನ್ನಾಗಿ ಹೇಳುವವರು ಆ ಸುತ್ತಮುತ್ತಲಲ್ಲೇ ಬೇರೆ ಯಾರೂ ಇರಲಿಲ್ಲ. ಕೆಂಪರಾಜ್ ಕೈ ಕೈ ಹಿಸುಕಿಕೊಂಡು, "ಬೇರೆದು ತಂದ್ಕೊಟ್ಬಿಡ್ತೀವಿ ಬೀಗರೇ" ಎಂದರು. ಶ್ವೇತಳಿಗೆ ಮೈ ಉರಿಯಿತು.

"ಮಾವ, ಇದಕ್ಕೆ ಕೀ ಯಾರು ಕೊಡ್ತಾರೆ?"

"ನಾನೇ ಕಣಮ್ಮ!" ಮುನಿಶಾಮಿ ಎದೆಯುಬ್ಬಿಸಿದರು. "ದಿನಾ ಬೆಳಗ್ಗೆ ದೇವ್ರಿಗೆ ದೀಪ ಹಚ್ಚಿ, ಆಮೇಲೆ ಇದಕ್ಕೆ ಕೀ. ನಮ್ಮಪ್ಪನ ಹೆಚ್‌ಎಂಟಿಗೆ ಟೈಟಾಗಿ ನಿಲ್ಲೋವರ್ಗೂ ಕೊಡ್ತಿದ್ದೆ. ಇದು ಟೈಟೇ ಆಗಲ್ಲ. ಬಿಡ್ತೀನಾ ನಾನು? ತಿರುಗಿಸ್ತಾನೇ ಇರ್ತೀನಿ."

"ಬೆರಳಲ್ಲಿ ಬೊಬ್ಬೆ ಬಂದೈತೆ" ಎಂದು ಮಾರಕ್ಕ ಗಂಡನ ತ್ಯಾಗಕ್ಕೆ ಸಾಕ್ಷಿ ನುಡಿದರು.

"ಇದು ಟೈಟ್ ಆಗೋದೇ ಇಲ್ಲ ಮಾವ. ತುಂಬಿದ್ಮೇಲೆ ಒಳಗೇ ಜಾರುತ್ತೆ. ತಿರುಗಿಸಿ ತಿರುಗಿಸಿ ಚಕ್ರದ ಹಲ್ಲು ಸವೆದಿರ್ಬೇಕು, ಅದಕ್ಕೇ ಸದ್ದು. ಕೈಗೆ ಕಟ್ಕೊಂಡು ಓಡಾಡಿದ್ರೆ ತಾನೇ ನಡೆಯುತ್ತೆ." ಇಷ್ಟು ಹೇಳಿದ ಮೇಲೆ ಅವಳಿಗೇ ಏನೋ ಹೊಳೆಯಿತು. "ಸುನಿಲ್, ನೀವಿದನ್ನ ಕಟ್ಕೊಳ್ಳೋದೇ ಇಲ್ವಾ?"

ಸುನಿಲ್ ಅಪ್ಪನ ಕಡೆ ನೋಡಿದ. ಉತ್ತರವನ್ನೂ ಅಪ್ಪನೇ ಕೊಟ್ಟರು.

"ಬೆಲೆ ಬಾಳೋ ವಸ್ತು ಕಣಮ್ಮ, ಮೆಟ್ರೋ ನೂಕಾಟದಲ್ಲಿ ಕಟ್ಕೊಂಡು ಹೋಗೋಕಾಗುತ್ತಾ? ಬೀರುಲಿಟ್ಟಿದೀನಿ. ಬೀಗದ ಕೈ ನನ್ಹತ್ರಾನೇ ಇರುತ್ತೆ. ಈ ಮನೆಗೆ ಬಂದಿದ್ದೆಲ್ಲ ಭದ್ರವಾಗಿರ್ಬೇಕು."

ಈ ಮನೆಗೆ ಬರಬೇಕಾದವಳು ತಾನೂ ಹೌದಲ್ಲ ಎಂದು ಶ್ವೇತಳಿಗೆ ನಿಜಕ್ಕೂ ಭಯವಾಯಿತು. ವಾಚನ್ನು ಎತ್ತಿ ಸುನಿಲ್‌ನ ಮುಂದೆ ಹಿಡಿದಳು.

"ರಿಪೇರಿ ನಾನು ಮಾಡಿಸ್ತೀನಿ. ಈಗ ಒಂದ್ಸಲ ಕಟ್ಕೊಳ್ಳಿ, ಸಾಕು."

ಕಟ್ಟಿಕೊಂಡುಬಿಡಲಿ ದೇವರೇ ಎಂದು ಒಳಗೊಳಗೇ ಬೇಡಿಕೊಂಡಳು. ಸುನಿಲ್ ಕೈ ಅರ್ಧ ಚಾಚಿದ. ಮುನಿಶಾಮಿ ಕೆಮ್ಮಿದರು. ಆ ಕೈ ವಿನಯದಿಂದ ತೊಡೆಯ ಮೇಲೆ ವಾಪಸು ಹೋಯಿತು.

"ಅಪ್ಪ ಹೇಳ್ದಾಗ ಕಟ್ಕೊಳ್ತೀನಿ ಶ್ವೇತ. ಈಗ್ಯಾಕೆ ಸುಮ್ನೆ..."

"ನೋಡಿದ್ರಾ ಬೀಗರೇ, ಹುಡುಗನ ಗುಣ?" ಮುನಿಶಾಮಿಯವರ ಮುಖ ಅರಳಿತು.

ಬೀಗರು ನೋಡಿದರೋ ಇಲ್ಲವೋ, ಶ್ವೇತ ಚೆನ್ನಾಗಿಯೇ ನೋಡಿದಳು. ವಾಚನ್ನು ಟೀಪಾಯಿಯ ಮೇಲಿಟ್ಟಳು. ಬೆರಳಿಗೆ ಬಿಗಿಯಾಗಿದ್ದ ನಿಶ್ಚಿತಾರ್ಥದ ಉಂಗುರವನ್ನು ಎಳೆದೂ ಎಳೆದೂ ತೆಗೆದು ಅದರ ಪಕ್ಕದಲ್ಲಿಟ್ಟಳು.

"ಇದನ್ನೂ ಬೀರುಲಿಟ್ಕೊಳ್ಳಿ ಮಾವ" ಎಂದಳು. "ಇದಕ್ಕೆ ಕೀ ಕೊಡೋ ಕಷ್ಟ ಇಲ್ಲ."