ನಾಲ್ಕು ಬೆರಳಿನಾಚೆ ಹಸಿರು

ಕೆಂಪು, ಮತ್ತೆ ಕೆಂಪು, ಬಚ್ಚಲಿನ ಈ ಮೂಲೆಯಲ್ಲಿ ಮಂಡಿಯೂರಿ ಕೂತು ಗುಂಡಿ ಒತ್ತಿದಷ್ಟು ಸಲವೂ ಕೆಂಪೇ, ನಲ್ಲಿ ತೊಟ್ಟಿಕ್ಕುತ್ತಿದೆ, ನಿನ್ನೆ ಅಕ್ಕ ಬಿದ್ದದ್ದು ಇಲ್ಲೇ, ಬಟ್ಟೆ ಒಗೆಯುವ ಯಂತ್ರಕ್ಕೂ ಗೋಡೆಗೂ ನಡುವೆ, ಸೊಂಟ ಮುರಿದು, ಕೊರಳಲ್ಲಿ ನಾನೇ ಮಾಡಿಕೊಟ್ಟ ಈ ಪದಕ — ಗುಂಡಿ ಒತ್ತಿದರೆ ರೇಡಿಯೋ ಅಲೆ ನಡುಮನೆಯ ಪೆಟ್ಟಿಗೆಗೆ ಮುಟ್ಟಬೇಕು, ಪೆಟ್ಟಿಗೆ ನನ್ನ ಫೋನನ್ನು ಕೂಗಿಸಬೇಕು, ಮುಟ್ಟಿದರೆ ಹಸಿರು ದೀಪ, ಮುಟ್ಟದಿದ್ದರೆ ಕೆಂಪು. ಏನೇ ಇದು, ದನಕ್ಕೆ ಗಂಟೆ ಕಟ್ಟಿದ ಹಾಗೆ ಕಟ್ಟಿಬಿಟ್ಟೆ, ಎಂದು ನಕ್ಕಿದ್ದಳು, ಆದರೂ ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ, ನನ್ನ ತಂಗಿ ಮಾಡಿದ್ದು ಅಂತ ಬೀದಿಗೆಲ್ಲ ಡಂಗುರ ಸಾರಿದವಳು, ಈಗ ಆಸ್ಪತ್ರೆಯಲ್ಲಿ ಕಣ್ಣೇ ಬಿಡುತ್ತಿಲ್ಲ, ಸ್ವಲ್ಪ ಬೇಗ ಕರ್ಕೊಂಡು ಬಂದಿದ್ರೆ ಅಂದರು ಡಾಕ್ಟರು. ಪದಕದ ನಕ್ಷೆ ಬರೆಯುವಾಗಲೇ ಆಫೀಸಿನ ಮೇಲಧಿಕಾರಿಗೆ ಹೇಳಿದ್ದೆ, ಎರಡು ಆಂಟೆನಾ ಇಡೋಣ ಸರ್, ಒಂದಕ್ಕೊಂದು ಅಡ್ಡವಾಗಿ, ಒಂದು ಕೈಕೊಟ್ಟರೆ ಇನ್ನೊಂದಿರುತ್ತೆ — ಸೋಪಿನ ಡಬ್ಬಿ ಥರ ಆಗುತ್ತಮ್ಮ, ಯಾರು ಹಾಕ್ಕೋತಾರೆ? ಅವರ ಮೇಲೆ ಗೂಬೆ ಕೂರಿಸಿ ಏನು ಬಂತು, ಒಂದೇ ಸಾಕೆಂದು ಲೆಕ್ಕ ಹಾಕಿ ಸಹಿ ಮಾಡಿದವಳು ನಾನು.

ಗೋಡೆ, ತಗಡು, ಕೊಳಾಯಿಗೆ ಬಡಿದು ಮರಳುವ ಅಲೆಗಳು ಕೆಲವೆಡೆ ಕೂಡುತ್ತವೆ, ಕೆಲವೆಡೆ ಒಂದನ್ನೊಂದು ನುಂಗಿಬಿಡುತ್ತವೆ, ಯಾವ ಜಾಗದಲ್ಲೆಂದು ಹೇಳುವವರಿಲ್ಲ, ಸರಾಸರಿ ಮಾತ್ರ ಹೇಳಬಹುದು, ಅದಕ್ಕೇ ನಮ್ಮ ಪ್ರಯೋಗಾಲಯದ ಉಕ್ಕಿನ ಕೋಣೆಯಲ್ಲಿ ದೊಡ್ಡ ತಗಡಿನ ರೆಕ್ಕೆಯೊಂದು ತಿರುಗುತ್ತಲೇ ಇರುತ್ತದೆ, ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ ಅಲೆಗಳನ್ನು ಕದಡುತ್ತ, ಈ ಗಳಿಗೆ ಸತ್ತ ಜಾಗಕ್ಕೆ ಮರುಗಳಿಗೆ ಜೀವ, ಪದಕವನ್ನು ಅಲ್ಲಿಟ್ಟು ಪರೀಕ್ಷಿಸಿದಾಗ ನೂರಕ್ಕೆ ತೊಂಬತ್ತೊಂಬತ್ತು ಸಲ ಹಸಿರು, ಉಳಿದ ಒಂದಕ್ಕೆ ನಾನೇ ಬರೆದ ಷರಾ — ಧರಿಸಿದವರು ತುಸು ಅಲುಗಿದರೆ ಸಾಕು. ಸೊಂಟ ಮುರಿದವಳು ಅಲುಗುವುದು ಹೇಗೆ, ಪೆದ್ದಿ, ಈ ಬಚ್ಚಲಲ್ಲಿ ರೆಕ್ಕೆ ತಿರುಗಿಸಲು ಯಾರಿದ್ದರು, ಪದಕದ ನೆನಪಿನಲ್ಲಿ ನಲವತ್ತೊಂದು ಒತ್ತು ದಾಖಲಾಗಿವೆ, ಮೊದಲನೆಯದು ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ, ಕೊನೆಯದು ಮಧ್ಯಾಹ್ನ, ಆ ಹೊತ್ತಿಗೆ ನಾನು ಆಫೀಸಿನಲ್ಲಿ ಇದೇ ತೊಂಬತ್ತೊಂಬತ್ತನ್ನು ಪರದೆಗೆ ಹಾಕಿ ತೋರಿಸಿ ಭೇಷ್ ಅನ್ನಿಸಿಕೊಳ್ಳುತ್ತಿದ್ದೆ, ಫೋನು ತೆಪ್ಪಗಿತ್ತು, ಸಂಜೆ ಬಂದು ಬಾಗಿಲು ತೆರೆದಾಗಲೂ ಅವಳ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಈಗ ನಾಲ್ಕೇ ಬೆರಳಿನಷ್ಟು ಇತ್ತ ಸರಿಸುತ್ತೇನೆ, ಒತ್ತುತ್ತೇನೆ, ಹಸಿರು, ಜೇಬಿನಲ್ಲಿ ಫೋನು ಅರಚಿಕೊಳ್ಳುತ್ತದೆ, ಅಕ್ಕ ಕರೆಯುತ್ತಿದ್ದಾಳೆ ಎಂದು ಪರದೆ ತುಂಬ ಅಕ್ಷರ, ಬಂದೆ ಕಣೇ, ಬಂದೆ — ಮತ್ತೆ ಅವಳ ಜಾಗಕ್ಕೆ ಒಯ್ಯುತ್ತೇನೆ, ಒತ್ತುತ್ತೇನೆ, ಕೆಂಪು, ಇನ್ನೊಮ್ಮೆ, ಕೆಂಪು, ಕೆಂಪು