ಹುಡುಗಿ ಎಂಜಿನಿಯರ್ ಅಲ್ಲವಂತೆ

ಧನ್ಯಾ ಓದಿದ್ದು ಪರಿಸರ ವಿಜ್ಞಾನ. ಗಂಡಿನ ಕಡೆಯವರಿಗೆ ನಾನು ಪರಿಸರ ಎಂಜಿನಿಯರ್ ಎಂದಿದ್ದೆ. ಎರಡರಲ್ಲೂ ಪರಿಸರ ಇದೆಯಲ್ಲ, ಇನ್ನೇನು ಬೇಕು? ಮಗಳು ಊರಂಚಿನ ದುವ್ವಾಡದ ಲ್ಯಾಬಿನಲ್ಲಿ ದಿನವಿಡೀ ನೀರು ಪರೀಕ್ಷಿಸುತ್ತಾಳೆ. ಅದಕ್ಕೆ ಎರಡೆರಡು ಹೆಸರೇಕೆ ಎಂಬುದು, ಗಂಡನ ಬ್ಯಾಂಕ್ ವರ್ಗಾವಣೆಯ ಹಿಂದೆ ತುಮಕೂರಿನಿಂದ ವಿಶಾಖಪಟ್ಟಣಕ್ಕೆ ಬಂದ ನನ್ನ ತಲೆಗೆ ಹತ್ತುವುದಿಲ್ಲ.

ಸಂಬಂಧ ವಿಜಯವಾಡದ್ದು, ಕನ್ನಡ ತೆಲುಗು ಬೆರೆತ ಮನೆ. ಹುಡುಗ ಕೃಷ್ಣಚೈತನ್ಯ. ಅವನೊಡನೆ ಫೋನಿನಲ್ಲಿ ಮಾತಾಡಿದ ಮೇಲೆ ಧನ್ಯಾ ಮೊದಲ ಬಾರಿಗೆ ಬೇಡ ಎನ್ನಲಿಲ್ಲ. ಇದು ಕೈತಪ್ಪಿದರೆ ಗತಿಯೇನು ಎಂದು ನನಗೆ ದಿಗಿಲು. ಮನೆ ನೋಡಲು ಬರುವಾಗ ಹುಡುಗಿಯೂ ಬರಲಿ, ಬೋರಿನ ನೀರಿಗೆ ಎಂಥ ಫಿಲ್ಟರ್ ಎಂದು ಹೇಳಲಿ ಎಂದು ಹುಡುಗನ ತಾಯಿ ಭ್ರಮರಾಂಬ ಕೇಳಿಕೊಂಡಿದ್ದರು. ಹೋದೆವು.

ಹಿತ್ತಲಲ್ಲಿ ಬೋರಿನ ಪಕ್ಕದಲ್ಲೇ ಶೌಚದ ಗುಂಡಿ. ಅದನ್ನು ನೋಡಿ ಬಂದ ಧನ್ಯಾ ಕೊಟ್ಟ ಕಾಫಿ ಮುಟ್ಟಲಿಲ್ಲ. ನಾನು ಕಣ್ಣಲ್ಲೇ ಗದರಿದೆ. ಮಹಾರಾಯಿತಿ ನೋಡಿದರೆ ತಾನೆ.

ಯಾವ ಫಿಲ್ಟರ್ ಹಾಕಿಸೋಣ ಎಂದು ಭ್ರಮರಾಂಬ ಕೇಳಿದರು.

"ನಾನು ಎಂಜಿನಿಯರ್ ಅಲ್ಲ ಆಂಟಿ. ನೀರಲ್ಲಿ ಏನಿದೆ, ಎಲ್ಲಿಂದ ಬಂತು, ಕುಡಿದೋರಿಗೆ ಏನಾಗತ್ತೆ ಅಂತ ನೋಡೋಳು. ಅದನ್ನ ತೆಗೆಯೋ ವ್ಯವಸ್ಥೆ ಕಟ್ಟೋರು ಎಂಜಿನಿಯರುಗಳು."

ಭ್ರಮರಾಂಬ ನನ್ನತ್ತ ತಿರುಗಿದರು. "ಎಂಜಿನಿಯರ್ ಅಂದ್ರಲ್ಲಾ, ಕದಂಡೀ?"

ನಾನು ಗಂಡನ ಮುಖ ನೋಡಿದೆ. ಅವರು ಫ್ಯಾನು ನೋಡುತ್ತಿದ್ದರು. ಕಾಯಿಲೆ ಹೇಳಿ ಔಷಧಿ ಕೊಡದ ಡಾಕ್ಟರರೂ ಇರುತ್ತಾರೆಯೇ? ನನಗೇ ಗೊಂದಲ, ಭ್ರಮರಾಂಬರಿಗೇನು ಹೇಳಲಿ?

ಅಷ್ಟರಲ್ಲಿ ಹಿರಿಯ ಸೊಸೆ ಸಾಯಿಪ್ರಿಯಾ ಲೋಟದಲ್ಲಿ ನೀರು ಹಿಡಿದು ಕುಡಿಯುತ್ತ ಬಂದಳು. ತುಂಬು ಬಸುರಿ. ಧನ್ಯಾ ತಟ್ಟನೆ ಎದ್ದು ಲೋಟ ಕಿತ್ತುಕೊಂಡಳು. ಇನ್ನೂ ತನ್ನದಾಗದ ಮನೆಯಲ್ಲಿ! ಗುಂಡಿಯಿಂದ ಬೋರಿನ ನೀರಿಗೆ ಇಳಿಯುವ ಕೆಲವು ವಿಷಗಳು ಕುದಿಸಿದರೂ ಹೋಗುವುದಿಲ್ಲ, ಬಸುರಿಗೆ ಬೇರೆ ನೀರು ತರಿಸಿ ಎಂದಳು. ಮುಗಿಯಿತು ಕಥೆ ಎಂದುಕೊಂಡೆ.

ಭ್ರಮರಾಂಬರ ದನಿ ಕುಗ್ಗಿತ್ತು. "ಮಗೂಗೆ ಏನಾದ್ರೂ ಆಗಿರತ್ತಾ ಅಮ್ಮಾ?"

ಏನೂ ಆಗಿರಲ್ಲ ಎಂದುಬಿಡೇ ಎಂದು ಒಳಗೊಳಗೇ ಬೇಡಿಕೊಂಡೆ.

"ಗೊತ್ತಿಲ್ಲ ಆಂಟಿ. ನೀರು ಪರೀಕ್ಷೆ ಮಾಡ್ತೀನಿ. ಅಕ್ಕನ್ನ ಇವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ."

ಭ್ರಮರಾಂಬ ಲೋಟದ ನೀರನ್ನು ಅಂಗಳಕ್ಕೆ ಚೆಲ್ಲಿದರು. ಕೃಷ್ಣಚೈತನ್ಯನನ್ನು ನೀರಿನ ಕ್ಯಾನ್ ತರಲು ಅಟ್ಟಿದರು. ಸೊಸೆಗೆ ಡಾಕ್ಟರ ಬಳಿ ಹೊರಡಲು ಹೇಳಿ, ನಮ್ಮತ್ತ ತಿರುಗಿದರು.

"ಈ ಹುಡುಗಿ ಸುಳ್ಳು ಹೇಳಲ್ಲ. ನಮಗೆ ಒಪ್ಪಿಗೆ."

ಹಾಗೆನ್ನುವಾಗ ನೋಡಿದ್ದು ನನ್ನನ್ನು. ನಾನು ಹೇಳಿದ್ದು ಸುಳ್ಳೆಂದು ನನಗೂ ಆಗಷ್ಟೇ ಗೊತ್ತಾದದ್ದು ಎಂದರೆ ಯಾರು ನಂಬುತ್ತಾರೆ?