ಗೋದಲಿ ಹಾಡಿನ ಖಾಲಿ ಜಾಗ

ದನದ ಗೋದಲಿಯಲ್ಲಿ ಮಲಗಿದ ಕೂಸು ಯೇಸುವಿನ ಮೇಲೆ ಅನಿತಾ ಟೀಚರ್ ಬರೆದ ಹೊಸ ಕ್ರಿಸ್‌ಮಸ್ ಕ್ಯಾರಲ್‌ನಲ್ಲಿ ಹೆಂಗಸರವು, ಗಂಡಸರವು ಸೇರಿ ನಾಲ್ಕು ದನಿಗಳಿದ್ದವು. ವಾದ್ಯ ಒಂದೂ ಇರಲಿಲ್ಲ. ಬಳ್ಳಾರಿ ಕಂಟೋನ್ಮೆಂಟ್ ಕಡೆಯ ಆ ಚರ್ಚಿನಲ್ಲಿ ಇದು ಪಲ್ಯವಿಲ್ಲದೆ ರೊಟ್ಟಿ ಬಡಿಸಿದಷ್ಟು ಅನುಮಾನಕ್ಕೆ ಎಡೆಮಾಡಿಕೊಟ್ಟಿತು. ಎಲ್ಲರಿಗಿಂತ ಹೆಚ್ಚು ಅನುಮಾನ ಭೀಮರಾಜರಿಗೆ. ಅವರು ಸಭೆಯ ಹಿರಿಯರು. ಕೀಬೋರ್ಡ್ ನುಡಿಸುವವರೂ ಅವರೇ. ಆ ಕೀಬೋರ್ಡಿನೊಳಗೆ ಡೋಲಿನಿಂದ ಹಿಡಿದು ಹಕ್ಕಿಯ ಚಿಲಿಪಿಲಿಯವರೆಗೆ ಎಲ್ಲವೂ ಇತ್ತು. ಯಾವುದನ್ನೂ ಅವರು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ.

"ಹಾಡು ಚೊಲೋ ಐತಮ್ಮ," ಎಂದರು. "ಆದ್ರ ಸಾಲಿನ ನಡುವ ಇಷ್ಟು ಖಾಲಿ ಜಾಗ ಯಾಕ? ಅಲ್ಲೊಂದೀಟು ಕೊಳಲು ಹಚ್ತೀನಿ."

"ಖಾಲಿ ಅಲ್ರಿ ಅಂಕಲ್. ಕೂಸು ಮಲಗೈತಿ. ಎಲ್ಲಾರೂ ಸುಮ್ನಾಗಿ ಅದರ ಉಸಿರು ಕೇಳ್ಬೇಕು."

"ಮಂದಿಗೆ ಕೇಳೂದು ಫ್ಯಾನಿನ ಸದ್ದು."

ಕೊನೆಗೊಂದು ರಾಜಿಯಾಯಿತು. ಬರುವ ಭಾನುವಾರ ಗಾಯಕರೆಲ್ಲ ಸಿರುಗುಪ್ಪದ ಸಣ್ಣ ಚರ್ಚಿಗೆ ಹಾಡಲು ಹೋಗುವವರಿದ್ದರು. "ಅಲ್ಲಿ ನೀ ಬರ್ದಂಗ ಹಾಡ್ಸು," ಎಂದರು ಭೀಮರಾಜ. "ಮಂದಿಗೆ ಹಿಡಿಸಿದ್ರ ಕ್ರಿಸ್‌ಮಸ್‌ಗೂ ಹಂಗ. ಇಲ್ಲಂದ್ರ ಕೀಬೋರ್ಡ್ ಹಚ್ಚಾವ ನಾನು."

ಸ್ವರಗಳನ್ನು ಯಾರಾದರೂ ಜೋಡಿಸಬಹುದು, ಆ ಮೌನಗಳು ಮಾತ್ರ ತನ್ನವು ಎಂಬುದು ಅನಿತಾಳ ಲೆಕ್ಕ. ಅದಕ್ಕೇ ಅಭ್ಯಾಸದ ಹೊತ್ತೆಲ್ಲ ಹಾಡಿಸುವುದಕ್ಕಿಂತ ಸುಮ್ಮನಿರಿಸುವುದರಲ್ಲೇ ಕಳೆಯಿತು. ಕೌಲ್ ಬಜಾರಿನಲ್ಲಿ ಜೀನ್ಸ್ ಬಟ್ಟೆ ಕತ್ತರಿಸುವ ಮಾರೇಶನದು ಬಾವಿಯ ತಳದಿಂದ ಬಂದಂಥ ದನಿ. ಮೌನ ಬಂದಾಗಲೆಲ್ಲ ಅವನು ತೊಡೆ ತಟ್ಟುತ್ತಿದ್ದ.

"ಮಾರೇಶ, ತೊಡಿ."

"ಬಡೀಲಿಲ್ಲಂದ್ರ ಎಲ್ಲಿ ಅದೀನಿ ಅಂತ ತಿಳಿಯಂಗಿಲ್ಲಕ್ಕಾ."

"ಮನಸ್ನ್ಯಾಗ ಬಡಕೋ."

ಮರುದಿನ ಅವನು ಕೈ ಕಟ್ಟಿಕೊಂಡೇ ನಿಂತ. ತಲೆ ಮಾತ್ರ ಒಪ್ಪಂದಕ್ಕೆ ಸಹಿ ಹಾಕದೆ ತಾಳಕ್ಕೆ ಅಲ್ಲಾಡುತ್ತಲೇ ಇತ್ತು.

ಸಿರುಗುಪ್ಪದ ಆ ಸಭೆಯಲ್ಲಿ ಹಾಡುವುದೆಲ್ಲ ಭಜನೆಯ ಪದ್ಧತಿಯಲ್ಲಿ: ಮುಂದಿನವರು ಒಂದು ಸಾಲು ಹೇಳಿ ನಿಲ್ಲಿಸಿದರೆ ಹಿಂದಿನವರು ಅದನ್ನು ಎತ್ತಿಕೊಳ್ಳಬೇಕು, ಬಿಟ್ಟರೆ ಮರ್ಯಾದೆಯಲ್ಲ. ಬಳ್ಳಾರಿಯಿಂದ ಹೋದವರಲ್ಲಿ ಯಾರಿಗೂ ಇದು ನೆನಪಾಗಲಿಲ್ಲ.

"ಗೋದಲಿಯೊಳಗ ಕೂಸು ಮಲಗೈತಿ," ಎಂದು ನಾಲ್ಕೂ ದನಿಗಳು ಮೆಲ್ಲಗೆ ಹಾಡಿ ನಿಂತವು. ಸುಮ್ಮನಿರಿ ಎಂಬಂತೆ ಅನಿತಾ ಮುಷ್ಟಿ ಮುಚ್ಚಿದಳು. ಮೌನ ಇನ್ನೇನು ಬಂದು ಕೂರಬೇಕು, ಅಷ್ಟರಲ್ಲಿ ಚಾಪೆಯ ಮೇಲಿದ್ದವರೆಲ್ಲ ಚಪ್ಪಾಳೆ ಸಮೇತ ಅದೇ ಸಾಲನ್ನು ಎತ್ತಿಕೊಂಡರು. ಮಲಗಿದ ಕೂಸು ಎದ್ದು ಕೂರಬೇಕು, ಹಾಗೆ.

ಎರಡನೆಯ ಸಾಲಿಗೂ ಅದೇ ಆಯಿತು. ಮಾರೇಶನ ಕೈ ತಾನೇ ಬಿಚ್ಚಿಕೊಂಡು ತೊಡೆಗೆ ಹೋಯಿತು. ಹಿಂದೆ ಕುರ್ಚಿಯಲ್ಲಿದ್ದ ಭೀಮರಾಜ ಕನ್ನಡಕ ಒರೆಸಿ ಹಾಕಿಕೊಂಡರು. ಜನರನ್ನು ಗದರಿಸಿ ಸುಮ್ಮನಾಗಿಸಲೆಂದು ಅನಿತಾ ಕೈಯೆತ್ತಿ ತಿರುಗಿದಳು. ಎದುರಿಗೇ ಸತ್ಯಮ್ಮ ಎಂಬ ಮುದುಕಿ, ಚಪ್ಪಾಳೆಗೆ ಎರಡೂ ಕೈ ಸಿದ್ಧ ಮಾಡಿಕೊಂಡು, ಬಾಯಿ ಅರೆ ತೆರೆದು, ಮುಂದಿನ ಸಾಲಿಗೆ ಕಾಯುತ್ತಿದ್ದಳು. ಹಾಗೆ ಕಾಯುವವರನ್ನು ಗದರಿಸುವುದು ಟೀಚರಾದವಳಿಗೂ ಕಷ್ಟ. ಎತ್ತಿದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಜನರಿಗೇ ತಾಳ ಹಾಕತೊಡಗಿತು.

ಹಾಡು ಮುಗಿದು ಚಹಾ ಬಂತು. ಸತ್ಯಮ್ಮ ಹತ್ತಿರ ಬಂದಳು. "ನಿಮ್ಮ ಕಡಿಯವ್ರು ಬಂದ್ರ ತಾವ ಹಾಡ್ಕೊಂಡು ಹೋಗಿಬಿಡ್ತಿದ್ರವ್ವ. ನೀ ನಮಗೂ ಜಾಗ ಬಿಟ್ಟಿದ್ದಿ ನೋಡು."

"ಹ್ಞೂಂ ಅಜ್ಜಿ," ಎಂದಳು ಅನಿತಾ. ಸುಳ್ಳು ಚಹಾದ ಜೊತೆ ಸಲೀಸಾಗಿ ಇಳಿಯಿತು.

ಭೀಮರಾಜ ಬಂದು ಗಂಟಲು ಸರಿಮಾಡಿಕೊಂಡರು. "ಮಂದಿಗೆ ಹಿಡಿಸ್ತು ಬಿಡಮ್ಮ. ನಾ ಕೊಳಲು ಹಚ್ಬೇಕಂದಿದ್ದ ಜಾಗದಾಗೆಲ್ಲ ಅವರೇ ಬಂದು ಕುಂತ್ರು. ಕೀಬೋರ್ಡ್ ಈ ಸಲ ಮನಿಯಾಗ ಇರ್ಲಿ."

ಗೆದ್ದೆನೋ ಸೋತೆನೋ ತಿಳಿಯದೆ ಅನಿತಾ ಟೆಂಪೋ ಹತ್ತಿದಳು. ದಾರಿಯಲ್ಲಿ ಮಾರೇಶ ಮುಂದಕ್ಕೆ ಬಾಗಿದ.

"ಅಕ್ಕಾ, ಕ್ರಿಸ್‌ಮಸ್ ದಿನ ನಮ್ಮ ಕಂಟೋನ್ಮೆಂಟ್ ಮಂದಿ ತಿರುಗಿ ಹಾಡ್ಲಿಲ್ಲಂದ್ರ ಏನ್ಮಾಡೂದು?"

"ಏನೂ ಮಾಡಬ್ಯಾಡ," ಎಂದಳು ಅನಿತಾ. "ಸುಮ್ನ ನಿಲ್ಲು. ನಾ ಬರ್ದಿಟ್ಟಿದ್ದು ಅದನ್ನ."